ಮರಗಟ್ಟದ ದವಡೆ

ಕಳ್ಳಂಬೆಳ್ಳದ ಬಸ್ ನಿಲ್ದಾಣದಲ್ಲಿ ಹಲ್ಲು ನೋವಿನವರನ್ನು ಗುರುತಿಸಲು ಡಾಕ್ಟರೇ ಆಗಬೇಕಿಲ್ಲ. ತಲೆಗೂ ದವಡೆಗೂ ಸೇರಿಸಿ ಟವೆಲ್ ಬಿಗಿದುಕೊಂಡಿರುತ್ತಾರೆ. ಒಂದು ಕೆನ್ನೆ ಊದಿ ಕಣ್ಣಿನ ಕೆಳಗಿನವರೆಗೂ ಬಂದಿರುತ್ತದೆ. ಯಾವ ಕಡೆಗೆ ಎಂದು ಕೇಳಿದರೆ ಬಾಯಿ ಬಿಡುವುದಿಲ್ಲ, ಕೈ ತೋರಿಸುತ್ತಾರೆ: ಸೀಬಿ ಕಡೆಗೆ ತೋರಿಸಿದರೆ ತುಮಕೂರು, ಇತ್ತ ತಿರುಗಿದರೆ ಶಿರಾ. ಆ ನೋವು ಇವತ್ತು ಬೆಳಿಗ್ಗೆ ಹುಟ್ಟಿದ್ದಲ್ಲ. ತಣ್ಣೀರು ತಾಗಿದರೆ ಜುಮ್ಮೆನ್ನುವುದು ಶುರುವಾಗಿ ತಿಂಗಳುಗಳೇ ಕಳೆದಿರುತ್ತವೆ. ಲವಂಗ ಕಚ್ಚಿ ಹಿಡಿದದ್ದಾಯಿತು, ಉಪ್ಪುನೀರು ಮುಕ್ಕಳಿಸಿದ್ದಾಯಿತು, ಯಾರೋ ಹೇಳಿದರೆಂದು ಕಡ್ಡಿಪುಡಿ ಒತ್ತಿಕೊಂಡದ್ದೂ ಆಯಿತು. ಮೆಡಿಕಲ್ ಸ್ಟೋರಿನ ಮುಂದೆ ನಿಂತು ‘ಹಲ್ ನೋವಿಗೆ ಒಂದ್ ಮಾತ್ರೆ ಕೊಡಣ್ಣ’ ಎಂದದ್ದಂತೂ ಲೆಕ್ಕವಿಲ್ಲ. ಕೊನೆಗೆ ರಾತ್ರಿಯೆಲ್ಲ ಕಣ್ಣು ಮುಚ್ಚಲಾಗದೆ ಹೊರಳಾಡಿದ ಮೇಲೆ ಮನೆಯವರೇ ಬೈದು ಬಸ್ಸು ಹತ್ತಿಸಿದ್ದಾರೆ.

ಇಷ್ಟು ತಡ ಏಕೆ ಎಂದರೆ ಉತ್ತರ ಒಂದೇ, ಭಯ. ‘ಇಂಜೆಕ್ಷನ್ ಕೊಟ್ರೂ ನೋವು ಗೊತ್ತಾಗ್ತದಂತೆ.’ ‘ನಮ್ ದೊಡ್ಡಪ್ಪಂಗೆ ಕೀಳುವಾಗ ಪ್ರಾಣನೇ ಹೋದಂಗಾಯ್ತಂತೆ.’ ಓದಿದವರು ಇದನ್ನು ಕೇಳಿ ನಗುತ್ತಾರೆ, ಹಳ್ಳಿಯವರ ಅಜ್ಞಾನ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ದೊಡ್ಡಪ್ಪ ಸುಳ್ಳು ಹೇಳುತ್ತಿಲ್ಲ. ಅವರಿಗೆ ಇಂಜೆಕ್ಷನ್ ಕೊಟ್ಟಿದ್ದೂ ನಿಜ, ನೋವಾಗಿದ್ದೂ ನಿಜ. ಅವರು ತಪ್ಪಿದ್ದು ಕಾರಣವನ್ನು ಹುಡುಕುವಲ್ಲಿ. ಆ ನೋವಿಗೆ ಡಾಕ್ಟರ ಕೈ ಒರಟಾಗಿದ್ದದ್ದಾಗಲಿ ಔಷಧ ಕಳಪೆಯಾಗಿದ್ದದ್ದಾಗಲಿ ಕಾರಣವಾಗಿರಬೇಕಿಲ್ಲ. ಅದರ ಬೇರು ಬಹುಪಾಲು ರಸಾಯನಶಾಸ್ತ್ರದಲ್ಲಿದೆ.

ನೋವಿನ ಮೇಲೆ ಮನುಷ್ಯ ಗೆದ್ದ ಕಥೆಯಲ್ಲಿ ಮೊದಲ ಹೆಸರುಗಳಲ್ಲಿ ಹಲ್ಲಿನ ಡಾಕ್ಟರರವೂ ಇವೆ ಎಂಬುದನ್ನು ಯಾರೂ ನೆನೆಯುವುದಿಲ್ಲ. 1844ರ ಡಿಸೆಂಬರಿನಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಊರಿನ ದಂತವೈದ್ಯ ಹೊರೇಸ್ ವೆಲ್ಸ್ ನಗೆ ಅನಿಲದ ಪ್ರದರ್ಶನವೊಂದನ್ನು ನೋಡಲು ಹೋಗಿದ್ದ. ಅನಿಲ ಸೇವಿಸಿದವನೊಬ್ಬ ಕಾಲಿಗೆ ಪೆಟ್ಟು ಮಾಡಿಕೊಂಡರೂ ಅವನಿಗೆ ಅದರ ಅರಿವೇ ಇರಲಿಲ್ಲ. ಮರುದಿನವೇ ವೆಲ್ಸ್ ಅದೇ ಅನಿಲ ಸೇವಿಸಿ, ತನ್ನದೇ ದವಡೆ ಹಲ್ಲನ್ನು ಗೆಳೆಯನ ಕೈಯಲ್ಲಿ ಕೀಳಿಸಿಕೊಂಡ. 1846ರ ಅಕ್ಟೋಬರ್ 16ರಂದು ಬೋಸ್ಟನ್ನಿನಲ್ಲಿ ಈಥರ್ ಕೊಟ್ಟು ಶಸ್ತ್ರಚಿಕಿತ್ಸೆಯನ್ನು ಜಗತ್ತಿಗೆ ತೋರಿಸಿದ ವಿಲಿಯಂ ಮಾರ್ಟನ್ ಕೂಡ ದಂತವೈದ್ಯನೇ. ಎಚ್ಚರ ತಪ್ಪಿಸದೆ, ಬೇಕಾದಷ್ಟೇ ಜಾಗವನ್ನು ಮರಗಟ್ಟಿಸುವ ವಿದ್ಯೆ 1884ರಲ್ಲಿ ಬಂತು. ವಿಯೆನ್ನಾದ ಕಾರ್ಲ್ ಕೋಲರ್ ಕಣ್ಣಿಗೆ ಕೊಕೇನ್ ಹನಿ ಹಾಕಿದ ಸುದ್ದಿ ಹಬ್ಬಿದ್ದೇ ತಡ, ನ್ಯೂಯಾರ್ಕಿನ ವಿಲಿಯಂ ಹಾಲ್‌ಸ್ಟೆಡ್ ಅದನ್ನು ದವಡೆಯ ನರಕ್ಕೆ ಚುಚ್ಚಿ ನೋಡಿದ. ಪ್ರಯೋಗ ಗೆದ್ದಿತು. ಆದರೆ ತನ್ನ ಮೇಲೆಯೇ ಪ್ರಯೋಗ ಮಾಡಿಕೊಳ್ಳುತ್ತಿದ್ದ ಹಾಲ್‌ಸ್ಟೆಡ್ ಕೊಕೇನ್ ಚಟಕ್ಕೆ ಬಿದ್ದ. ಚಟ ಹತ್ತಿಸದ ಪ್ರೊಕೇನ್ 20ನೇ ಶತಮಾನದ ಆರಂಭದಲ್ಲಿ ಬಂತು. ಈಗ ಶಿರಾದ ಕ್ಲಿನಿಕ್ಕಿನಲ್ಲೂ ಸ್ಟಾಕ್‌ಹೋಮಿನ ಕ್ಲಿನಿಕ್ಕಿನಲ್ಲೂ ಬಳಸುವ ಲಿಗ್ನೊಕೇನ್ ಅನ್ನು 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ.

ಈ ಲಿಗ್ನೊಕೇನ್ ಕೆಲಸ ಮಾಡುವ ಬಗೆ ತಿಳಿದರೆ ದೊಡ್ಡಪ್ಪನ ಕಥೆ ಬಿಚ್ಚಿಕೊಳ್ಳುತ್ತದೆ. ಹಲ್ಲಿನ ನೋವು ಮೆದುಳಿಗೆ ಹೋಗುವುದು ನರತಂತುವಿನ ಉದ್ದಕ್ಕೂ ಹರಿಯುವ ವಿದ್ಯುತ್ ಮಿಡಿತವಾಗಿ. ಆ ಮಿಡಿತ ಮುಂದೆ ಸಾಗಬೇಕಾದರೆ ನರಪೊರೆಯ ಸೂಕ್ಷ್ಮ ರಂಧ್ರಗಳು ತೆರೆದುಕೊಂಡು ಹೊರಗಿನ ಸೋಡಿಯಂ ಒಳಕ್ಕೆ ನುಗ್ಗಬೇಕು. ಲಿಗ್ನೊಕೇನ್ ಆ ರಂಧ್ರಗಳಿಗೆ ಬೆಣೆ ಹಾಕುತ್ತದೆ, ಮಿಡಿತ ಅಲ್ಲಿಗೇ ನಿಲ್ಲುತ್ತದೆ. ಆದರೆ ಹೊರಗಡೆ ನಿಂತು ಬೆಣೆ ಹಾಕಲು ಅದಕ್ಕೆ ಬರುವುದಿಲ್ಲ, ಒಳಗಿನಿಂದಲೇ ಹಾಕಬೇಕು. ಹಳೆಯ ಕೆರೆಗಳ ತೂಬು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏರಿಯ ಈಚೆ, ಗದ್ದೆಯ ಕಡೆ ನಿಂತು ತೂಬು ಮುಚ್ಚಲಾಗದು. ನೀರುಗಂಟಿ ಏರಿ ದಾಟಿ, ಕೆರೆಯೊಳಕ್ಕೆ ಇಳಿದು, ಅಲ್ಲಿಂದಲೇ ತೂಬಿನ ಬಾಯಿಗೆ ಗೂಟ ಬಡಿಯಬೇಕು. ಲಿಗ್ನೊಕೇನ್ ಅಣುವೂ ಮೊದಲು ನರಪೊರೆ ಎಂಬ ಏರಿಯನ್ನು ದಾಟಬೇಕು.

ದಾಟುವ ಶಕ್ತಿ ಎಲ್ಲ ಅಣುಗಳಿಗೂ ಇಲ್ಲ. ಔಷಧದ ಅಣುಗಳು ಎರಡು ರೂಪದಲ್ಲಿರುತ್ತವೆ, ಕೆಲವಕ್ಕೆ ವಿದ್ಯುದಾವೇಶ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ನರಪೊರೆ ಕೊಬ್ಬಿನಿಂದಾದದ್ದು, ಆವೇಶವಿಲ್ಲದ ಅಣುಗಳನ್ನಷ್ಟೇ ಅದು ಒಳಕ್ಕೆ ಬಿಡುತ್ತದೆ. ಎಷ್ಟು ಅಣುಗಳು ಯಾವ ರೂಪದಲ್ಲಿರಬೇಕು ಎಂಬುದನ್ನು ಸುತ್ತಲಿನ ಆಮ್ಲೀಯತೆ ತೀರ್ಮಾನಿಸುತ್ತದೆ. ಆರೋಗ್ಯವಾಗಿರುವ ಅಂಗಾಂಶದ ಪಿಎಚ್ 7.4ರ ಆಸುಪಾಸು. ಅಲ್ಲಿ ಲಿಗ್ನೊಕೇನ್‌ನ 100 ಅಣುಗಳಲ್ಲಿ ಸುಮಾರು 24 ದಾಟಲು ಸಿದ್ಧವಿರುತ್ತವೆ. ಬೇರಿನ ತುದಿಯಲ್ಲಿ ಕೀವು ಕಟ್ಟಿತೆನ್ನಿ, ಆ ಜಾಗ ಹುಳಿಯಾಗುತ್ತದೆ. ಪಿಎಚ್ 6.4ಕ್ಕೆ ಇಳಿದರೆ 24 ಇದ್ದದ್ದು 3 ಆಗುತ್ತದೆ. ಅದೇ ಸೂಜಿ, ಅದೇ ಔಷಧ, ಅದೇ ಡಾಕ್ಟರು, ಒಳಗೆ ಹೋಗಬಲ್ಲ ಅಣುಗಳು ಮಾತ್ರ ಎಂಟರಲ್ಲಿ ಒಂದು ಪಾಲು. ಸಾಲದ್ದಕ್ಕೆ ಊದಿದ ಜಾಗದಲ್ಲಿ ರಕ್ತಸಂಚಾರ ಜಾಸ್ತಿಯಾಗಿ ಔಷಧ ಬೇಗ ಕೊಚ್ಚಿಹೋಗುತ್ತದೆ. ತಿಂಗಳುಗಟ್ಟಲೆ ಉರಿಯೂತದಲ್ಲಿ ನೆಂದ ನರವೂ ಮೊದಲಿನಂತಿರುವುದಿಲ್ಲ, ಮುಟ್ಟಿದರೆ ಚೀರುವಷ್ಟು ಸೂಕ್ಷ್ಮವಾಗಿರುತ್ತದೆ.

ಅಂದರೆ ಸೂಜಿಗೆ ಹೆದರಿ ಯಾರು ಆರು ತಿಂಗಳು ತಳ್ಳುತ್ತಾರೋ ಅವರ ಬಾಯಲ್ಲೇ ಸೂಜಿ ಅತಿ ಕಡಿಮೆ ಕೆಲಸ ಮಾಡುತ್ತದೆ. ಅವರು ಮನೆಗೆ ಬಂದು ‘ಇಂಜೆಕ್ಷನ್ ಕೊಟ್ಟರೂ ನೋವಾಯಿತು’ ಎನ್ನುತ್ತಾರೆ. ಕೇಳಿದ ತಮ್ಮನ ಮಗ ತನ್ನ ಹುಳುಕು ಹಲ್ಲನ್ನು ಇನ್ನಷ್ಟು ದಿನ ಬಚ್ಚಿಟ್ಟುಕೊಳ್ಳುತ್ತಾನೆ, ಕೀವು ಕಟ್ಟಿದ ಮೇಲೆ ಹೋಗುತ್ತಾನೆ, ಅವನಿಗೂ ನೋವಾಗುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಉಲ್ಫ್ ಬರ್ಗ್‌ಗ್ರೆನ್ 1984ರಲ್ಲಿ ಇಂಥದ್ದೇ ವಿಷಚಕ್ರವನ್ನು ವಿವರಿಸಿದ್ದ: ಭಯ, ತಪ್ಪಿಸಿಕೊಳ್ಳುವುದು, ಹಲ್ಲು ಕೆಡುವುದು, ನಾಚಿಕೆ, ಮತ್ತೆ ಭಯ. ಶ್ರೀಮಂತ ದೇಶದಲ್ಲಿ, ಬೀದಿಗೊಬ್ಬ ದಂತವೈದ್ಯರಿದ್ದ ಕಡೆಯೇ ಹೀಗೆ. ಹಲ್ಲಿನ ಡಾಕ್ಟರನ್ನು ಕಾಣಲು ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕಾದ ಊರುಗಳಲ್ಲಿ ಚಕ್ರ ಇನ್ನೂ ಜೋರಾಗಿ ತಿರುಗುತ್ತದೆ.

ಇದನ್ನು ಓದುತ್ತಿರುವವರ ಕೆನ್ನೆ ಈಗಾಗಲೇ ಊದಿದ್ದರೆ? ಆಗಲೂ ದಾರಿಯಿದೆ. ಕೆಳದವಡೆಯ ನರ ಮೂಳೆಯೊಳಕ್ಕೆ ಹೋಗುವುದು ಹಿಂದೆ, ಕಿವಿಯ ಕೆಳಗಿನ ಭಾಗದಲ್ಲಿ. ಕೀವಿನಿಂದ ದೂರವಿರುವ ಆ ಜಾಗದಲ್ಲಿ ಔಷಧ ಕೊಟ್ಟರೆ ಇಡೀ ಅರ್ಧ ದವಡೆ ಮರಗಟ್ಟುತ್ತದೆ. ಡಾಕ್ಟರು ಮೊದಲು ಕೀವಿಗೆ ದಾರಿ ಮಾಡಿ ಒತ್ತಡ ಇಳಿಸಿ, ಉಳಿದ ಕೆಲಸಕ್ಕೆ ಇನ್ನೊಂದು ದಿನ ಬನ್ನಿ ಎನ್ನಬಹುದು. ‘ಊತ ಇದ್ದಾಗ ಡಾಕ್ಟರ ಹತ್ತಿರ ಹೋಗಬಾರದು, ಇಳಿದ ಮೇಲೆ ಹೋಗಬೇಕು’ ಎಂಬ ಮಾತು ನಮ್ಮ ಕಡೆ ಓಡಾಡುತ್ತದೆ. ಅದನ್ನು ನಂಬಬೇಡಿ. ಊತ ಕತ್ತಿಗೆ ಇಳಿದರೆ, ಜ್ವರ ಬಂದರೆ, ಉಗುಳು ನುಂಗಲು ಅಥವಾ ಬಾಯಿ ತೆರೆಯಲು ಕಷ್ಟವಾದರೆ ಮನೆಯಲ್ಲಿ ಬೆಳಗಾಗುವುದನ್ನು ಕಾಯುವಂತಿಲ್ಲ. ಅದು ಉಸಿರಿನ ದಾರಿಗೇ ಅಡ್ಡ ಬರುವ ಸೋಂಕು, ಅದೇ ಹೊತ್ತಿಗೆ ದೊಡ್ಡಾಸ್ಪತ್ರೆಗೆ ಹೋಗಬೇಕು.

ಭಯದ ಇನ್ನೊಂದು ಬೇರು ಮೂಗಿನಲ್ಲಿದೆ. ಹಲ್ಲಿನ ಕ್ಲಿನಿಕ್ಕಿನ ಬಾಗಿಲು ತೆಗೆದ ತಕ್ಷಣ ಬರುವ ಆ ವಾಸನೆ ಬಹುಮಟ್ಟಿಗೆ ಲವಂಗದ್ದು. ಲವಂಗದ ಎಣ್ಣೆಯ ಮುಖ್ಯ ಅಂಶ ಯೂಜಿನಾಲ್. ಅದನ್ನು ಸತುವಿನ ಆಕ್ಸೈಡ್ ಜೊತೆ ಕಲಸಿ ತಾತ್ಕಾಲಿಕವಾಗಿ ಹಲ್ಲು ತುಂಬುತ್ತಾರೆ. ಮನೆಯಲ್ಲಿ ಅಜ್ಜಿ ಹಲ್ಲಿಗೆ ಒತ್ತಿದ್ದೂ ಅದೇ, ಡಾಕ್ಟರು ಒತ್ತುವುದೂ ಅದೇ. ಫ್ರಾನ್ಸಿನ ಸಂಶೋಧಕರು 1990ರ ದಶಕದ ಕೊನೆಯಲ್ಲಿ ಜನರಿಗೆ ಯೂಜಿನಾಲ್ ಮೂಸಲು ಕೊಟ್ಟು ಅವರ ಹೃದಯಬಡಿತ, ಚರ್ಮದ ಬೆವರು ಇತ್ಯಾದಿ ಅಳೆದರು. ದಂತವೈದ್ಯರ ಭಯವಿಲ್ಲದವರ ದೇಹ ಅದನ್ನು ಪರಿಮಳವೆಂದೇ ಸ್ವೀಕರಿಸಿತು. ಭಯವಿದ್ದವರ ದೇಹ ಮಾತ್ರ ಹೆದರಿಕೆಯ ಲಕ್ಷಣ ತೋರಿಸಿತು. ಪಲಾವಿನಲ್ಲಿ ಹಿತವಾದ ಲವಂಗ ಕ್ಲಿನಿಕ್ಕಿನಲ್ಲಿ ಹೊಟ್ಟೆ ತೊಳಸುತ್ತದೆ. ಮೆದುಳಿನ ಅಮಿಗ್ಡಲ ಎಂಬ ಪುಟ್ಟ ಭಾಗ ನೋವಿನ ಜೊತೆಗೆ ಸಿಕ್ಕಿದ ವಾಸನೆ, ಸದ್ದು, ಬೆಳಕು ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿಡುತ್ತದೆ. ಮುಂದೆ ಒಂದು ಎಳೆ ಎಳೆದರೂ ಗಂಟೆಲ್ಲ ಈಚೆ ಬರುತ್ತದೆ.

ಆ ಗಂಟಿನಲ್ಲಿರುವ ನೆನಪು ನಂಬಿಕಸ್ಥವೂ ಅಲ್ಲ. ಬ್ರಿಟನ್ನಿನ ಮನಃಶಾಸ್ತ್ರಜ್ಞ ಜೆರ್ರಿ ಕೆಂಟ್ 1985ರಲ್ಲಿ ಒಂದು ಸರಳ ಅಧ್ಯಯನ ಪ್ರಕಟಿಸಿದ. ಚಿಕಿತ್ಸೆಗೆ ಮೊದಲು ಎಷ್ಟು ನೋವಾಗಬಹುದೆಂದು ಜನರನ್ನು ಕೇಳಿದ, ಮುಗಿದ ಕೂಡಲೇ ಎಷ್ಟು ನೋವಾಯಿತೆಂದು ಕೇಳಿದ, ಮೂರು ತಿಂಗಳ ಮೇಲೆ ಅವತ್ತು ಎಷ್ಟು ನೋವಾಗಿತ್ತೆಂದು ಮತ್ತೆ ಕೇಳಿದ. ಹೆಚ್ಚು ಹೆದರುವವರ ಮೂರನೆಯ ಉತ್ತರ ಎರಡನೆಯದಕ್ಕಿಂತ ಮೊದಲನೆಯದಕ್ಕೆ ಹತ್ತಿರವಿತ್ತು. ಆದದ್ದನ್ನು ಮರೆತು, ಆಗಬಹುದೆಂದು ಹೆದರಿದ್ದನ್ನೇ ಅವರು ಆಯಿತೆಂದು ನೆನಪಿಟ್ಟುಕೊಂಡಿದ್ದರು. ಹೀಗಾಗಿ ಒಂದಲ್ಲ ಹತ್ತು ಸಲ ನೋವಿಲ್ಲದೆ ಮುಗಿದರೂ ಕೆಲವರ ಭಯ ಇಳಿಯುವುದಿಲ್ಲ. ಇದಕ್ಕೆ ನನಗೆ ಹಿಡಿಸಿದ ಮದ್ದು ಬಹಳ ಅಗ್ಗದ್ದು: ಕುರ್ಚಿಯಲ್ಲಿ ಕೂರುವ ಮುಂಚೆ ಹತ್ತಕ್ಕೆ ಎಷ್ಟು ನೋವಾದೀತೆಂದು ಮೊಬೈಲಿನಲ್ಲಿ ಬರೆದಿಡಿ, ಎದ್ದ ಮೇಲೆ ಎಷ್ಟಾಯಿತೆಂದು ಬರೆಯಿರಿ. ಮುಂದಿನ ಸಲ ಹೋಗುವ ಮುಂಚೆ ಅದನ್ನೇ ತೆಗೆದು ಓದಿ.

ಸದ್ದಿನ ಮಾತು ಬೇಗ ಮುಗಿಸಬಹುದು. ಹಳೆಯ ಕಾಲದಲ್ಲಿ ಕಾಲಿನಲ್ಲಿ ತುಳಿದು ತಿರುಗಿಸುವ ಬೈರಿಗೆ ಇತ್ತು. ಅದು ನಿಧಾನ, ಇಡೀ ತಲೆಬುರುಡೆ ಅದುರುತ್ತಿತ್ತು. 1957ರಲ್ಲಿ ಗಾಳಿಯ ಒತ್ತಡದಲ್ಲಿ ತಿರುಗುವ ಏರೋಟರ್ ಮಾರುಕಟ್ಟೆಗೆ ಬಂತು. ಇವತ್ತು ಅದು ನಿಮಿಷಕ್ಕೆ 3 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಅದುರುವುದು ಹೋಗಿ ಕೀಚಲು ಸದ್ದು ಉಳಿದಿದೆ. ಜೊತೆಗೆ ಚಿಮ್ಮುವ ನೀರು ಹಲ್ಲು ಕಾಯದಿರಲಿ ಎಂದು. ಆ ಸದ್ದಿಗೂ ನೋವಿಗೂ ನೇರ ಸಂಬಂಧವಿಲ್ಲ. ಆಗದವರು ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಲು ಡಾಕ್ಟರ ಒಪ್ಪಿಗೆ ಕೇಳಬಹುದು.

‘ಮೇಲಿನ ಹಲ್ಲು ಕೀಳಿಸಿದ್ರೆ ಕಣ್ಣು ಹೋಗ್ತವೆ’ ಎಂಬ ನಂಬಿಕೆಯನ್ನು ಮಾತ್ರ ಅಷ್ಟು ಸುಲಭವಾಗಿ ದಾಟಿ ಹೋಗುವ ಹಾಗಿಲ್ಲ. ಊರಿನಲ್ಲಿ ವಯಸ್ಸಾದ ಯಾರನ್ನು ಕೇಳಿದರೂ ಇದನ್ನು ಹೇಳುತ್ತಾರೆ, ಉದಾಹರಣೆ ಸಮೇತ ಹೇಳುತ್ತಾರೆ. ಮುಖದ ಸ್ಪರ್ಶ ಮತ್ತು ನೋವನ್ನು ಒಯ್ಯುವ ತ್ರಿಶಾಖಾ ನರಕ್ಕೆ ಮೂರು ಕವಲು: ಒಂದು ಹಣೆ ಮತ್ತು ಕಣ್ಣಿನ ಸುತ್ತ, ಎರಡನೆಯದು ಮೇಲಿನ ದವಡೆಗೆ, ಮೂರನೆಯದು ಕೆಳದವಡೆಗೆ. ಮೂರೂ ಮೆದುಳಿನ ಬುಡದಲ್ಲಿ ಒಂದೇ ಕಡೆ ಸೇರುವುದರಿಂದ ಮೇಲಿನ ಕೋರೆಹಲ್ಲು ನೋಯುವಾಗ ಕಣ್ಣಿನ ಗುಡ್ಡೆಯೇ ನೋಯುತ್ತಿದೆ ಎನ್ನಿಸುತ್ತದೆ. ನೋಟವನ್ನು ಒಯ್ಯುವುದು ಬೇರೆಯೇ ನರ. ಅದು ಕಣ್ಣಿನ ಹಿಂದಿನಿಂದ ನೇರ ಮೆದುಳಿಗೆ ಹೋಗುತ್ತದೆ, ಹಲ್ಲಿನ ಬೇರಿನ ಹತ್ತಿರವೂ ಸುಳಿಯುವುದಿಲ್ಲ. ಹಾಗಾದರೆ ಉದಾಹರಣೆಗಳು? ಹಲ್ಲು ಉದುರುವ ವಯಸ್ಸೂ ಕಣ್ಣಿಗೆ ಪೊರೆ ಬರುವ ವಯಸ್ಸೂ ಒಂದೇ. ಹಲ್ಲು ಕೀಳಿಸಿಕೊಂಡ ಮುಂದಿನ ವರ್ಷ ಅಜ್ಜನಿಗೆ ಮಂಜಾಗಿ ಕಾಣತೊಡಗಿದರೆ ಯಾರ ಮೇಲೆ ಅನುಮಾನ ಬರುತ್ತದೆ ಹೇಳಿ. ಮೇಲಿನ ದವಡೆಗೆ ಕೊಟ್ಟ ಔಷಧ ಅತಿ ಅಪರೂಪಕ್ಕೆ ಕಣ್ಣಿನ ಸ್ನಾಯುಗಳವರೆಗೆ ಹರಡಿ ಸ್ವಲ್ಪ ಹೊತ್ತು ಒಂದು ಎರಡಾಗಿ ಕಾಣುವುದುಂಟು. ಮರಗಟ್ಟಿದ್ದು ಇಳಿದ ಹಾಗೆ ಅದೂ ಸರಿಹೋಗುತ್ತದೆ.

ಹಲ್ಲಿನ ಹುಳದ ಕಥೆಯೂ ಹೀಗೆ ಕಣ್ಣಾರೆ ಕಂಡ ಸುಳ್ಳು. ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ ಹೊಗೆಯನ್ನು ಬಾಯಿಗೆ ಹಿಡಿಸುವ ಚಿಕಿತ್ಸೆ ನಮ್ಮ ನಾಡಿನ ಹಲವು ಕಡೆ ಇದೆ. ಕೆಳಗಿಟ್ಟ ನೀರಿನ ಬಟ್ಟಲಿನಲ್ಲಿ ಬೆಳ್ಳಗಿನ, ಸುರುಳಿ ಸುತ್ತಿದ ಹುಳಗಳು ತೇಲುತ್ತವೆ. ನೋಡಿದವರಿಗೆ ಬೇರೆ ಸಾಕ್ಷಿ ಬೇಕೆ? ಯೂರೋಪಿನಲ್ಲೂ ಅದೇ ಕುಟುಂಬದ ಇನ್ನೊಂದು ಗಿಡದ ಬೀಜ ಸುಟ್ಟು ಇದೇ ಆಟ ನಡೆಯುತ್ತಿತ್ತು. ಬದನೆ ಕುಟುಂಬದ ಬೀಜದೊಳಗಿನ ಭ್ರೂಣ ಸಹಜವಾಗಿಯೇ ಬಾಗಿರುತ್ತದೆ. ಬಿಸಿಗೆ ಬೀಜ ಸಿಡಿದಾಗ ಅದು ಹೊರಬೀಳುತ್ತದೆ, ಹುಳುವಿನ ಹಾಗೆ ಕಾಣುತ್ತದೆ. ಪ್ಯಾರಿಸ್ಸಿನ ಪಿಯೇರ್ ಫೋಶಾರ್ 1728ರಲ್ಲೇ ಹಲ್ಲಿನ ಹುಳವನ್ನು ತಳ್ಳಿಹಾಕಿದ್ದ. ಬಾಯಲ್ಲುಳಿದ ಸಕ್ಕರೆ, ಪಿಷ್ಟಗಳನ್ನು ಬ್ಯಾಕ್ಟೀರಿಯಾಗಳು ಹುಳಿ ಮಾಡಿ, ಆ ಹುಳಿ ಹಲ್ಲನ್ನು ಕರಗಿಸುತ್ತದೆ ಎಂದು 1890ರಲ್ಲಿ ವಿಲ್ಲೋಬಿ ಮಿಲ್ಲರ್ ತೋರಿಸಿಕೊಟ್ಟ. ಹೊಗೆ ಹಿಡಿಸಿದ ರಾತ್ರಿ ನೋವು ಇಳಿದರೂ ಹುಳುಕು ನಿಲ್ಲುವುದಿಲ್ಲ, ಬೇರಿನತ್ತ ಇಳಿಯುತ್ತಲೇ ಇರುತ್ತದೆ.

ಬರ್ಗ್‌ಗ್ರೆನ್‌ನ ಚಕ್ರದಲ್ಲಿ ನಾಚಿಕೆ ಎಂಬ ಕೊಂಡಿ ಇತ್ತಲ್ಲ, ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆಗಳಲ್ಲಿ ಅದಕ್ಕೆ ಬೇರೆಯದೇ ಬಣ್ಣವಿದೆ, ಕಂದು ಬಣ್ಣ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಹುಡುಗಿಯರು, ಫೋಟೋಗೆ ತುಟಿ ಬಿಗಿದು ನಿಲ್ಲುವ ಹುಡುಗರು ಇಲ್ಲಿ ಎಲ್ಲ ಊರಲ್ಲೂ ಸಿಗುತ್ತಾರೆ. ನಮ್ಮ ನೆಲದಡಿಯ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಬೋರ್‌ವೆಲ್ ಆಳಕ್ಕೆ ಹೋದಷ್ಟೂ ಸಿಗುವ ನೀರು ಹಳೆಯದು, ಕಲ್ಲಿನ ಸಂಗಡ ಹೆಚ್ಚು ಕಾಲ ಇದ್ದದ್ದು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ನೀರು ಕುಡಿದು ಬೆಳೆದ ಮಗುವಿನ ಹಲ್ಲಿನ ಎನಾಮಲ್ ದವಡೆಯೊಳಗೆ ರೂಪುಗೊಳ್ಳುವಾಗಲೇ ಕೆಡುತ್ತದೆ. ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗಿನ ನೀರಿನ ಲೆಕ್ಕ ಅದು, ಹಲ್ಲು ಹೊರಬಂದ ಮೇಲೆ ಕಾಣಿಸುತ್ತದೆ. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ 1901ರಲ್ಲಿ ಬಂದ ಫ್ರೆಡ್ರಿಕ್ ಮೆಕೇ ಎಂಬ ತರುಣ ದಂತವೈದ್ಯ ಇಂಥ ಕಂದು ಹಲ್ಲುಗಳ ಕಾರಣ ಹುಡುಕುತ್ತ ಮೂವತ್ತು ವರ್ಷ ಕಳೆದ. ಕೊನೆಗೆ 1931ರಲ್ಲಿ ನೀರಿನಲ್ಲಿ ಫ್ಲೋರೈಡ್ ಇದ್ದದ್ದು ಗೊತ್ತಾಯಿತು. 1937ರಲ್ಲಿ ಅಂದಿನ ಮದ್ರಾಸ್ ಪ್ರಾಂತ್ಯದಿಂದ ಭಾರತದ ಮೊದಲ ವರದಿ ಬಂತು.

ಇದನ್ನು ಭಯದ ಅಧ್ಯಾಯದಲ್ಲಿ ಹೇಳುತ್ತಿರುವುದಕ್ಕೆ ಕಾರಣವಿದೆ. ಆ ಕಲೆ ಕೊಳೆಯಲ್ಲ. ಹಲ್ಲು ಉಜ್ಜದ್ದರಿಂದ ಬಂದದ್ದಲ್ಲ, ಉಜ್ಜಿದರೆ ಹೋಗುವುದೂ ಇಲ್ಲ. ಇಟ್ಟಿಗೆ ಪುಡಿ, ಇದ್ದಿಲು ಹಾಕಿ ತಿಕ್ಕಿದರೆ ಇರುವ ಎನಾಮಲ್ಲೂ ಸವೆಯುತ್ತದೆ. ಆದರೆ ಡಾಕ್ಟರ ಮುಂದೆ ಬಾಯಿ ತೆರೆದರೆ ‘ದಿನಾ ಹಲ್ಲುಜ್ಜಲ್ವೇನಪ್ಪಾ’ ಎಂದಾರು ಎಂಬ ಅಳುಕೇ ಎಷ್ಟೋ ಜನರನ್ನು ಮನೆಯಲ್ಲಿ ಕೂರಿಸಿದೆ. ಸೂಜಿಯ ಭಯಕ್ಕಿಂತ ಬೈಗುಳದ ಭಯ ದೊಡ್ಡದು. ಈ ಸೀಮೆಯಲ್ಲಿ ಕೆಲಸ ಮಾಡುವ ಯಾವ ದಂತವೈದ್ಯರಾದರೂ ಮೊದಲ ಮಾತಿನಲ್ಲೇ ‘ಇದು ನಿಮ್ಮ ತಪ್ಪಲ್ಲ, ನೀರಿನದ್ದು’ ಎಂದರೆ ಅರ್ಧ ಚಿಕಿತ್ಸೆ ಆದಂತೆ. ಈಗ ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳಿವೆ, ಕಳ್ಳಂಬೆಳ್ಳದ ಕೆರೆಗೆ ಹೇಮಾವತಿ ನೀರು ಬರುತ್ತದೆ. ಹುಟ್ಟುವ ಮಕ್ಕಳ ಹಲ್ಲಿಗೆ ಇದರಿಂದ ಉಪಕಾರವಾದೀತು. ಆದರೆ ಘಟಕ ಕೆಟ್ಟು ನಿಂತ ದಿನಗಳಲ್ಲಿ ಮನೆಮನೆಗೂ ಮತ್ತೆ ಬೋರ್ ನೀರೇ ಗತಿ.

ದುಡ್ಡಿನ ಮಾತನ್ನೂ ಬಿಡುವಂತಿಲ್ಲ. ‘ನಂಗೆ ಭಯ’ ಎನ್ನುವ ಮಾತಿನ ಹಿಂದೆ ಎಷ್ಟೋ ಸಲ ‘ಎಷ್ಟಾಗ್ತದೋ’ ಎಂಬ ಲೆಕ್ಕ ಅಡಗಿರುತ್ತದೆ. ಬೇರಿನ ಚಿಕಿತ್ಸೆ, ಮೇಲೊಂದು ಕ್ಯಾಪ್ ಎಂದರೆ ಕೂಲಿಯವನಿಗೆ ವಾರಗಟ್ಟಲೆ ದುಡಿಮೆ. ಅದೇ ಹಲ್ಲಿನ ಸಣ್ಣ ಹುಳುಕನ್ನು ಮೊದಲೇ ತುಂಬಿಸಿದ್ದರೆ ಅದರಲ್ಲೊಂದು ಚೂರು. ತಾಲ್ಲೂಕು ಆಸ್ಪತ್ರೆಗಳಲ್ಲಿ ದಂತವೈದ್ಯರ ಹುದ್ದೆ ಇದೆ, ತುಮಕೂರಿನ ಅಗಳಕೋಟೆಯಲ್ಲಿ ಶ್ರೀ ಸಿದ್ಧಾರ್ಥ ದಂತ ವೈದ್ಯಕೀಯ ಕಾಲೇಜು ಇದೆ. ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಮೇಷ್ಟರ ಕಣ್ಣೆದುರಲ್ಲಿ ಕೆಲಸ ಮಾಡುವುದರಿಂದ ಹೊತ್ತು ಹಿಡಿಯುತ್ತದೆ. ಹೆದರುವವರಿಗೆ ಆ ನಿಧಾನವೇ ಒಳ್ಳೆಯದು ಎಂದು ನನ್ನ ಅನಿಸಿಕೆ, ಮಾಡುವ ಮುಂಚೆ ಮೇಷ್ಟರಿಗೆ ಒಪ್ಪಿಸುವ ಪಾಠವನ್ನು ರೋಗಿಯೂ ಕೇಳಿಸಿಕೊಳ್ಳುತ್ತಾನೆ. ಸರ್ಕಾರದ ಯೋಜನೆಗಳಲ್ಲಿ ಹಲ್ಲಿನ ಹೆಸರಲ್ಲಿ ಜನರಿಗೆ ಗೊತ್ತಿರುವುದು ದಂತಭಾಗ್ಯ, ಬಿಪಿಎಲ್ ಕಾರ್ಡಿನ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು. ಒಳ್ಳೆಯ ಯೋಜನೆಯೇ. ಆದರೆ ಅದು ಬಾಗಿಲು ತಟ್ಟುವುದು ಹಲ್ಲೆಲ್ಲ ಹೋದ ಮೇಲೆ.

ಇನ್ನು ಹೋಗುವವರು ಹೇಗೆ ಹೋಗಬೇಕು? ಭಯವನ್ನು ಅಳೆಯಲು ನಾರ್ಮನ್ ಕೋರಾ 1969ರಲ್ಲಿ ನಾಲ್ಕು ಪ್ರಶ್ನೆಗಳನ್ನು ರೂಪಿಸಿದ: ನಾಳೆ ಹೋಗಬೇಕೆಂದರೆ ಹೇಗನ್ನಿಸುತ್ತದೆ, ಹೊರಗೆ ಬೆಂಚಿನ ಮೇಲೆ ಕಾಯುವಾಗ ಹೇಗೆ, ಯಂತ್ರ ತಯಾರಾಗುವಾಗ ಹೇಗೆ, ಹೀಗೆ. ಸೂಜಿಯನ್ನೇ ಆತ ಮರೆತಿದ್ದ. 1995ರಲ್ಲಿ ಜೆರಾಲ್ಡ್ ಹಂಫ್ರಿಸ್ ಐದನೆಯ ಪ್ರಶ್ನೆಯಾಗಿ ಅದನ್ನು ಸೇರಿಸಿದ. ಐದೂ ಪ್ರಶ್ನೆಗೆ ಒಂದರಿಂದ ಐದರವರೆಗೆ ಅಂಕ, ಒಟ್ಟು 19 ಅಥವಾ ಅದಕ್ಕಿಂತ ಹೆಚ್ಚಾದರೆ ವಿಪರೀತ ಭಯ. 2021ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ವಯಸ್ಕರಲ್ಲಿ 100ಕ್ಕೆ ಸುಮಾರು 15 ಮಂದಿಗೆ ದಂತವೈದ್ಯರ ಭಯ, ಸುಮಾರು 3 ಮಂದಿಗೆ ವಿಪರೀತ ಭಯ ಇತ್ತು. ನಿಮ್ಮ ಅಂಕ ಎಷ್ಟೇ ಬರಲಿ, ಅದನ್ನು ಡಾಕ್ಟರಿಗೆ ಹೇಳಿ. ಕುರ್ಚಿಯಲ್ಲಿ ಕೂತು ಗಟ್ಟಿಗನಂತೆ ನಟಿಸಿದರೆ ಅವರಿಗೆ ಗೊತ್ತಾಗುವ ದಾರಿಯಿಲ್ಲ.

ಊತ, ನೋವು ಇಲ್ಲದಿದ್ದರೆ ಮೊದಲ ಸಲ ಏನನ್ನೂ ಮಾಡಿಸಬೇಡಿ. ‘ಇವತ್ತು ಬರೀ ನೋಡಿ ಸಾರ್, ಏನೂ ಮಾಡಬೇಡಿ’ ಎಂದು ಮೊದಲೇ ಹೇಳಿ, ನೋಡಿಸಿಕೊಂಡು ಬನ್ನಿ. ಎರಡನೆಯ ಸಲ ಕ್ಲೀನಿಂಗ್ ಸಾಕು. ಮೆದುಳಿಗೆ ಆ ವಾಸನೆ, ಆ ಸದ್ದು, ಆ ಬೆಳಕು ನೋವಿಲ್ಲದೆಯೂ ಸಿಗುತ್ತವೆ ಎಂದು ಹೀಗೆ ನಿಧಾನಕ್ಕೆ ಪಾಠವಾಗುತ್ತದೆ. ಕೆಲಸ ಶುರುವಾಗುವ ಮುಂಚೆ ಒಂದು ಸನ್ನೆ ಗೊತ್ತುಮಾಡಿಕೊಳ್ಳಿ: ಎಡಗೈ ಎತ್ತಿದರೆ ನಿಲ್ಲಿಸಬೇಕು. ಬಹಳ ಮಂದಿ ಆ ಕೈಯನ್ನು ಕೊನೆಯವರೆಗೂ ಎತ್ತುವುದೇ ಇಲ್ಲ, ಎತ್ತಬಹುದು ಎಂಬ ಧೈರ್ಯವೇ ಸಾಕಾಗುತ್ತದೆ. ಸೂಜಿ ಹಾಕಿದ ನಿಮಿಷದಲ್ಲಿ ಎದೆ ಡವಗುಟ್ಟಿದರೆ ಗಾಬರಿ ಬೇಡ. ಔಷಧ ಬೇಗ ಕೊಚ್ಚಿಹೋಗದಿರಲೆಂದು ಅದರಲ್ಲಿ ಚೂರು ಅಡ್ರಿನಲಿನ್ ಬೆರೆಸಿರುತ್ತಾರೆ, 80 ಸಾವಿರಕ್ಕೆ ಒಂದು ಪಾಲು. ಭಯವಾದಾಗ ನಮ್ಮ ದೇಹವೇ ಸುರಿಸುವ ಅದೇ ರಾಸಾಯನಿಕ, ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಬಿಪಿ, ಸಕ್ಕರೆ, ಹೃದಯದ ತೊಂದರೆ, ರಕ್ತ ತೆಳುಮಾಡುವ ಮಾತ್ರೆ ಇದ್ದರೆ ಮುಚ್ಚಿಡದೆ ಹೇಳಬೇಕು.

ಸೂಜಿ ಕಂಡರೆ ತಲೆ ಸುತ್ತಿ ಬೀಳುವವರದು ಬೇರೆ ಜಾತಿಯ ಭಯ. ಉಳಿದವರಿಗೆ ಭಯವಾದಾಗ ರಕ್ತದೊತ್ತಡ ಏರಿದರೆ ಇವರಿಗೆ ಏರಿ ಧೊಪ್ಪನೆ ಇಳಿಯುತ್ತದೆ. ಇವರಿಗೆ ‘ಮೈ ಸಡಿಲ ಬಿಡಿ’ ಎಂಬ ಉಪದೇಶ ಕೆಲಸಕ್ಕೆ ಬಾರದು. ಸ್ವೀಡನ್ನಿನ ಲಾರ್ಸ್-ಗೋರಾನ್ ಓಸ್ಟ್ ತೋರಿಸಿದ ದಾರಿ ಇದಕ್ಕೆ ತಿರುಗುಮುರುಗು: ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು ಮುಖ ಬೆಚ್ಚಗಾಗುವವರೆಗೆ ಹತ್ತು ಹದಿನೈದು ಸೆಕೆಂಡು ಬಿಗಿ ಹಿಡಿಯುವುದು, ಬಿಡುವುದು, ಮತ್ತೆ ಹಿಡಿಯುವುದು. ಹಾಗೆಯೇ ಖಾಲಿ ಹೊಟ್ಟೆಯಲ್ಲಿ ಹೋಗುವುದು ಬೇಡ. ಸಾಧಾರಣ ಸೂಜಿಗೆ ಉಪವಾಸ ಬೇಕಿಲ್ಲ, ಮುದ್ದೆ ಉಂಡೇ ಹೋಗಬಹುದು.

ಭಯವೇ ಹುಟ್ಟದ ಹಾಗೆ ನೋಡಿಕೊಳ್ಳಬಹುದಾದದ್ದು ಮಕ್ಕಳಲ್ಲಿ. ಬ್ರಿಟನ್ನಿನ ಗ್ರಹಾಂ ಡೇವಿ 1989ರಲ್ಲಿ ಗಮನಿಸಿದ್ದು ಇದು: ನೋವಿನ ಅನುಭವ ಆದವರಿಗೆಲ್ಲ ಭಯ ಅಂಟಿಕೊಳ್ಳುವುದಿಲ್ಲ. ಅದಕ್ಕೆ ಮುಂಚೆ ಹಲವು ಸಲ ನೋವಿಲ್ಲದೆ ಹೋಗಿ ಬಂದವರಿಗೆ ಒಂದು ಕೆಟ್ಟ ಅನುಭವ ಒಂದು ಕೆಟ್ಟ ದಿನವಾಗಿ ಉಳಿಯುತ್ತದೆ. ಮೊದಲ ಸಲವೇ ನೋವಾದವರಿಗೆ ಅದೇ ಹಲ್ಲಿನ ಡಾಕ್ಟರು ಎಂಬುದರ ಅರ್ಥವಾಗಿಬಿಡುತ್ತದೆ. ನಮ್ಮ ಮಕ್ಕಳ ಮೊದಲ ಭೇಟಿ ಸಾಮಾನ್ಯವಾಗಿ ರಾತ್ರಿಯಿಡೀ ಅತ್ತ ಮರುದಿನವೇ. ಅಲ್ಲಿಯವರೆಗೆ ಮನೆಯಲ್ಲಿ ‘ಹಠ ಮಾಡಿದ್ರೆ ಡಾಕ್ಟ್ರ ಹತ್ರ ಸೂಜಿ ಹಾಕಿಸ್ತೀನಿ’ ಎಂಬ ಬೆದರಿಕೆಯನ್ನೂ ಕೇಳಿರುತ್ತಾರೆ. ಆರು ವರ್ಷ ತುಂಬುವ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ನಾಲ್ಕು ದವಡೆ ಹಲ್ಲು ಬರುತ್ತವೆ. ಅವೂ ಹಾಲುಹಲ್ಲೇ, ಬಿದ್ದುಹೋಗುತ್ತವೆ ಎಂದು ತಂದೆತಾಯಿ ಹುಳುಕನ್ನು ಬಿಟ್ಟುಬಿಡುತ್ತಾರೆ. ಅವು ಬೀಳುವ ಹಲ್ಲಲ್ಲ, ಸಾಯುವತನಕ ಅಗಿಯಬೇಕಾದ ಹಲ್ಲು. ಮಗುವನ್ನು ಮೊದಲ ಸಲ ಕರೆದೊಯ್ಯಲು ಆ ಹಲ್ಲು ಮೂಡುವ ಕಾಲವೇ ಸರಿಯಾದ ನೆಪ, ಅದಕ್ಕೂ ಮುಂಚೆಯಾದರೆ ಇನ್ನೂ ಒಳ್ಳೆಯದು. ಮಕ್ಕಳ ದಂತವೈದ್ಯರು ಮೊದಲು ಹೇಳಿ, ಆಮೇಲೆ ತೋರಿಸಿ, ಕೊನೆಗೆ ಮಾಡುತ್ತಾರೆ. ಗಾಳಿ ಊದುವ ಕೊಳವೆಯನ್ನು ಮಗುವಿನ ಅಂಗೈ ಮೇಲೆ ಊದಿ ತೋರಿಸಿದ ಮೇಲೇ ಬಾಯಿಗೆ ತರುತ್ತಾರೆ. ಮುಂದೆ ಎಂದಾದರೂ ಸೂಜಿ ಬೇಕಾಗಿ ಬಂದರೆ ಮನೆಗೆ ಬಂದ ಮೇಲೆ ಎರಡು ಮೂರು ಗಂಟೆ ಮಗುವಿನ ಮೇಲೆ ಕಣ್ಣಿಟ್ಟಿರಿ. ಮರಗಟ್ಟಿದ ತುಟಿ ತನ್ನದಲ್ಲ ಎನ್ನಿಸಿ ಮಕ್ಕಳು ಅದನ್ನು ಕಚ್ಚಿ ಕಚ್ಚಿ ಗಾಯ ಮಾಡಿಕೊಳ್ಳುತ್ತಾರೆ. ಅಲ್ಲಿಯವರೆಗೆ ನೀರು ಕೊಡಿ, ಅಗಿಯುವಂಥದ್ದು ಬೇಡ.